ಹಳೆಯ ಕ್ಯಾಮರಾಕ್ಕೆ ವಿಮೆ



ಪೆರಿಯಕುಳಂ, ತೇಣಿ, ಕಂಬಂ ಕಡೆ ಮನೆಯೊಳಗೆ ಕನ್ನಡ ಆಡುವ ನಮ್ಮ ಜನರಲ್ಲಿ ಮದುವೆ ಫೋಟೋ ತೆಗೆದು ಜೀವನ ಮಾಡುವ ಹುಡುಗರಿದ್ದಾರೆ. ಹೊಸ ಕ್ಯಾಮರಾ ಕೊಳ್ಳಲಾಗದವರು ಮಧುರೆಯಲ್ಲೋ ಚೆನ್ನೈಯಲ್ಲೋ ಬೇರೆಯವರು ಬಳಸಿದ್ದನ್ನು ತರುತ್ತಾರೆ. ಹಳೇ ಸಾಮಾನಿಗೆ ವಿಮೆ ಯಾರು ಕೊಡುತ್ತಾರೆ ಎಂದು ಸುಮ್ಮನಿದ್ದುಬಿಡುತ್ತಾರೆ. ಮುಹೂರ್ತದ ಕಾಲದಲ್ಲಿ ಅದು ಕಳುವಾದರೆ, ಪಡೆದ ಮುಂಗಡವನ್ನು ಹಿಂತಿರುಗಿಸುವುದು ಹೇಗೆ?

ಹಳೆಯದಕ್ಕೂ ವಿಮೆ ಉಂಟು. ಆದರೆ ಅದು ನಿಮ್ಮದೆಂದು ತೋರಿಸಲು ಕಾಗದ ಬೇಕು. ಮಾರುವವರಿಂದ ಮೊದಲಿನ ಬಿಲ್ಲು ಕೇಳಿ. ಜೊತೆಗೆ ಕ್ಯಾಮರಾದ ನಂಬರು, ಲೆನ್ಸಿನ ನಂಬರು, ಬೆಲೆ, ತಾರೀಖು ಬರೆದು ಸಹಿ ಹಾಕಿಸಿಕೊಳ್ಳಿ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಪಾಸ್‌ಬುಕ್ಕಿಗಿಂತ ನಿಯತ್ತಿನ ಸಾಕ್ಷಿಯನ್ನು ನಾನು ನೌಕರಿಯಲ್ಲಿ ಕಾಣಲಿಲ್ಲ.

ತೊಡಕು ಇರುವುದು ಬೆಲೆಯಲ್ಲಿ. ನೀವು 40,000 ರೂಪಾಯಿಗೆ ಕೊಂಡಿರಿ, ಅಷ್ಟಕ್ಕೇ ವಿಮೆ ಮಾಡಿಸಿದಿರಿ ಎನ್ನೋಣ. ಎಲೆಕ್ಟ್ರಾನಿಕ್ ಸಲಕರಣೆಗಳ ಪಾಲಿಸಿಯಲ್ಲಿ ಸಾಮಾನ್ಯವಾಗಿ ಬರೆಸಬೇಕಾದದ್ದು ಕೊಂಡ ಬೆಲೆಯಲ್ಲ, ಅದೇ ತರಗತಿಯ ಹೊಸ ಸಾಮಾನಿನ ಬೆಲೆ. ಹೊಸದು 80,000 ಆದರೆ ನಿಮ್ಮದು ಅರ್ಧ ವಿಮೆ. ಕೆಳಗೆ ಬಿದ್ದು ರಿಪೇರಿಗೆ 10,000 ಖರ್ಚಾದರೆ ಸಿಗುವುದು 5,000. ಅದರಲ್ಲೂ ನಾವೇ ಹೊರಬೇಕಾದ ಪಾಲೆಂದು ಸ್ವಲ್ಪ ಕಳೆಯುತ್ತಾರೆ. ಹಾಗೆಂದು 80,000 ಬರೆಸಿದವನಿಗೆ, ಕ್ಯಾಮರಾ ಪೂರ್ತಿ ಕಳುವಾದಾಗ, 80,000 ಕೈಗೆ ಬರುವುದಿಲ್ಲ. ಸವಕಳಿ ಕಳೆದು ಆ ದಿನದ ಬೆಲೆ ಕೊಡುತ್ತಾರೆ. ಕಟ್ಟುವುದು ಹೊಸದರ ಲೆಕ್ಕ, ಪಡೆಯುವುದು ಹಳೆಯದರ ಲೆಕ್ಕ! ನನಗಿದು ನ್ಯಾಯವೆನಿಸದು, ಆದರೂ ಕರಾರು ಹಾಗಿದೆ. ಆದ್ದರಿಂದ ಯಾವ ಬೆಲೆ ಬರೆಯಬೇಕು, ಕಳುವಾದರೆ ಯಾವ ಬೆಲೆ ಕೊಡುತ್ತೀರಿ ಎಂದು ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮನೆಯ ಮಾತು ಕನ್ನಡ, ಅಂಗಡಿಯ ಮಾತು ತಮಿಳು, ಪಾಲಿಸಿಯ ಮಾತು ಇಂಗ್ಲಿಷು. ಓದಿ ಹೇಳುವವರನ್ನು ಹುಡುಕಲು ನಾಚಿಕೆ ಬೇಡ.

ಮನೆಗೆ ವಿಮೆ ಇದೆಯಲ್ಲಾ ಎನ್ನುವವರುಂಟು. 2021ರಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ನೆರೆ ಮೊದಲಾದವಕ್ಕೆ. ಬರಿಯ ಕಳ್ಳತನಕ್ಕೆ ಅದು ಒದಗದು. ಕೊಡೈಕಾನಲಿನ ಮಂಜಿನಲ್ಲಿ ತಿರುಗಿ ಲೆನ್ಸಿನೊಳಗೆ ಫಂಗಸ್ ಕಟ್ಟಿದರೆ ಯಾವ ಪಾಲಿಸಿಯೂ ಸಾಮಾನ್ಯವಾಗಿ ಕೊಡುವುದಿಲ್ಲ, ಅದು ನಿಧಾನವಾಗಿ ಆಗುವ ಹಾನಿ. ಕಾರಿನಲ್ಲಿ ಬಿಟ್ಟುಹೋದದ್ದು ಕಳುವಾದರೂ ತಕರಾರು ಬರುತ್ತದೆ.

ಸಾಲದಲ್ಲಿ ಕೊಂಡದ್ದಾದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುತ್ತದೆ, ಪರಿಹಾರ ಮೊದಲು ಸಾಲಕ್ಕೆ ಹೋಗುತ್ತದೆ. ಇದನ್ನು ತಿಳಿಯದೆ ಕೌಂಟರಿನ ಮುಂದೆ ಜಗಳವಾಡಿದವರನ್ನು ನಾನು ಬಹಳ ನೋಡಿದ್ದೇನೆ.

ಕಳುವಾದರೆ ಅಂದೇ ಪೊಲೀಸ್ ಠಾಣೆಗೆ ದೂರು ಕೊಟ್ಟು ಕಂಪನಿಗೂ ತಿಳಿಸಿ. ಕಂಪನಿಗೆ ಬರೆದ ದೂರಿಗೆ ತಿಂಗಳಾದರೂ ಉತ್ತರ ಬಾರದಿದ್ದರೆ ಚೆನ್ನೈಯ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಒಬ್ಬರೇ ನಡೆಸುವ ಸ್ಟುಡಿಯೋದವರಿಗೂ 2017ರ ನಿಯಮಗಳು ಆ ಅವಕಾಶ ಕೊಟ್ಟವು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬಿಲ್ಲು, ನಂಬರು ಬರೆದ ಆ ಚೀಟಿ, ಪಾಸ್‌ಬುಕ್ಕಿನ ಪ್ರತಿ ಇವನ್ನು ಮಾತ್ರ ಕ್ಯಾಮರಾದ ಚೀಲದಲ್ಲಿ ಇಡಬೇಡಿ, ಮನೆಯ ಬೀರುವಿನಲ್ಲಿಡಿ.