ಹೊಸ ತೊಟ್ಟಿಗೆ ಮೀನು ಬಿಡುವ ಕ್ರಮ

(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಪಾಠ ಹೇಳುವವನು ಗಾಜಿನ ತೊಟ್ಟಿಯ ಮೀನಿನ ವಿಷಯ ಮಾತನಾಡಲು ನಿಂತಿರುವುದನ್ನು ಕಂಡು ನಿಮಗೆ ನಗು ಬರಬಹುದು. ಮಗಳ ಹಟಕ್ಕೆ ಮಣಿದು 60 ಲೀಟರಿನ ತೊಟ್ಟಿಯೊಂದನ್ನು ತಂದೆ. ಶೋಧಕ ಹೂಡಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ ಐದು ವಾರ ನೀರನ್ನು ಹದಕ್ಕೆ ಬರಲು ಬಿಟ್ಟೆ. ಹದ ಬಂದ ದಿನವೇ 20 ಮೀನುಗಳನ್ನು ಒಟ್ಟಿಗೆ ಬಿಟ್ಟೆ. ನಾಲ್ಕನೆಯ ದಿನ ಅವೆಲ್ಲ ಮೇಲಕ್ಕೆ ಬಂದು ಬಾಯಿ ತೆರೆಯತೊಡಗಿದವು. ವಾರದೊಳಗೆ 11 ಸತ್ತವು. ವರ್ಷಗಟ್ಟಲೆ ಸಾರಜನಕದ ಪಾಠ ಮಾಡಿದವನಿಗೆ ತಪ್ಪು ಹೊಳೆದದ್ದು ಆಮೇಲೆ.

ಹೊಲಕ್ಕೆ ಹಾಕಿದ ಯೂರಿಯ ಮೊದಲು ಅಮೋನಿಯ ರೂಪಕ್ಕೆ ತಿರುಗುತ್ತದಷ್ಟೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೈಟನ್ನಾಗಿಯೂ, ಇನ್ನೊಂದು ಬಗೆಯವು ಅದನ್ನೇ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ತೊಟ್ಟಿಯಲ್ಲಿ ನಡೆಯುವುದೂ ಇದೇ. ಮೀನು ಕಿವಿರುಗಳ ಮೂಲಕ ಅಮೋನಿಯ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯವೇ. ಅದು ಕಿವಿರನ್ನು ಕೆಡಿಸುತ್ತದೆ. ನೈಟ್ರೈಟಾದರೋ ರಕ್ತಕ್ಕೆ ಸೇರಿ, ಆಮ್ಲಜನಕ ಹೊರುವ ಅದರ ಶಕ್ತಿಯನ್ನೇ ಕುಂದಿಸುತ್ತದೆ. ನೈಟ್ರೇಟಿನಿಂದ ಅಷ್ಟು ಅಪಾಯವಿಲ್ಲ. ನೀರು ಕ್ಷಾರವಾಗಿದ್ದಷ್ಟೂ ಅಮೋನಿಯದ ವಿಷ ಹೆಚ್ಚು. ಕ್ಷಾರ ಮಣ್ಣಿನ ಮೇಲೆ ಎರಚಿದ ಯೂರಿಯದ ಸಾರಜನಕ ಗಾಳಿಗೆ ಹಾರಿಹೋಗುವುದೂ ಇದೇ ಗುಣದಿಂದ.

ನೀರು ಹದಕ್ಕೆ ಬಂತೆಂದರೆ ಈ ಬ್ಯಾಕ್ಟೀರಿಯಗಳು ಶೋಧಕದ ಸ್ಪಂಜಿನಲ್ಲಿ, ತಳದ ಜಲ್ಲಿಯಲ್ಲಿ ನೆಲೆಯೂರಿವೆ ಎಂದರ್ಥ. ಆದರೆ ಎಷ್ಟು? ಅದುವರೆಗೆ ಸಿಕ್ಕ ಅಮೋನಿಯಕ್ಕೆ ತಕ್ಕಷ್ಟು ಮಾತ್ರ. ಚಿಟಿಕೆ ಆಹಾರದಲ್ಲಿ ಬೆಳೆದ ಬ್ಯಾಕ್ಟೀರಿಯಗಳಿಗೆ ನಾನು 20 ಮೀನಿನ ಹೊರೆ ಹೊರಿಸಿದೆ. ಒಬ್ಬ ಆಳಿಗೆ ಹತ್ತು ಎಕರೆ ಕಳೆ ಒಪ್ಪಿಸಿದಂತಾಯಿತು!

ಆದುದರಿಂದ ಮೊದಲು ಐದಾರು ಗಟ್ಟಿ ಮೀನುಗಳನ್ನಷ್ಟೇ ಬಿಡಬೇಕು. ಜೀಬ್ರಾ ಮೀನು ಇದಕ್ಕೆ ತಕ್ಕುದು. ಅದು ನಮ್ಮ ದೇಶದ್ದೇ. ಗಂಗಾ ಬಯಲಿನ ಹಳ್ಳ, ಭತ್ತದ ಗದ್ದೆಗಳಲ್ಲಿ ಗುಂಪಾಗಿ ಬದುಕುವಂಥದು. ಕೊಳವೆಬಾವಿಯ ಗಡಸು ನೀರಾದರೆ ಗಪ್ಪಿ ಚೆನ್ನಾಗಿ ಒಗ್ಗುತ್ತದೆ. ಗಂಡುಗಳನ್ನೇ ಆರಿಸಿ ತನ್ನಿ, ಇಲ್ಲದಿದ್ದರೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿಗಳ ಲೆಕ್ಕ ಹಾಕಬೇಕಾದೀತು. ಮಕ್ಕಳು ಕೇಳುವ ಚಿನ್ನದ ಮೀನು ಇಷ್ಟು ಚಿಕ್ಕ ತೊಟ್ಟಿಗೆ ಬೇಡ. ಅದು ದೊಡ್ಡದಾಗಿ ಬೆಳೆಯುತ್ತದೆ, ಹೊಲಸೂ ಹೆಚ್ಚು.

ಮೀನು ತಂದ ಚೀಲವನ್ನು ಕಟ್ಟು ಬಿಚ್ಚದೆ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಬಿಡಿ. ಬಳಿಕ ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಬೆರೆಸಿ, ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಿ. ಅಂಗಡಿಯ ನೀರು ಒಳಗೆ ಹೋಗಬಾರದು. ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರ ಸಾಕು.

ಎರಡನೆಯ ತಂಡಕ್ಕೆ ಕನಿಷ್ಠ ಎರಡು ವಾರ ಕಾಯಿರಿ. ಅಂಗಡಿಯಲ್ಲಿ ಸಿಗುವ ಪರೀಕ್ಷಾ ದ್ರಾವಣದಿಂದ ನೋಡಿದಾಗ ಅಮೋನಿಯ, ನೈಟ್ರೈಟು ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಕಾಲು ಭಾಗ ನೀರು ಬದಲಿಸಿ, ಆಹಾರ ಕಡಿಮೆ ಮಾಡಿ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ಬಾಯಗಲದ ಪಾತ್ರೆಯಲ್ಲಿ ತೆರೆದಿಡಬೇಕು. ಸ್ಪಂಜನ್ನು ಮಾತ್ರ ನಲ್ಲಿಯಡಿ ತೊಳೆಯಬೇಡಿ, ಬ್ಯಾಕ್ಟೀರಿಯಗಳು ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೆಗೆಯಿರಿ. ಆ ನೀರು ಹೂಗಿಡಕ್ಕೆ ಗೊಬ್ಬರ.

ಹೆಚ್ಚಾದ ಮೀನನ್ನು ಅಂಗಡಿಯವರಿಗೋ ನೆರೆಯವರಿಗೋ ಕೊಡಿ, ಊರ ಕೆರೆಗೆ ಬಿಡಬೇಡಿ.