ಹಿಂದಿನ ಅಚ್ಚಿನ ಕೊರಗು



ಮೂವತ್ತು ವರ್ಷಕಾಲ ಕಾಲೇಜಿನಲ್ಲಿ ಧ್ವನಿತತ್ತ್ವವನ್ನು ಪಾಠ ಹೇಳಿದವನು ನಾನು. ವಾಚ್ಯಾರ್ಥದ ಹಿಂದೆ ಅಡಗಿರುವ ಇನ್ನೊಂದು ಅರ್ಥವನ್ನು ಹಿಡಿಯುವ ಕಿವಿ ಬೇಕೆಂದು ವಿದ್ಯಾರ್ಥಿಗಳನ್ನು ಪೀಡಿಸಿದವನು. ಆ ಕಿವಿಯ ಮೇಲಿದ್ದ ಅಭಿಮಾನ ಕರಗಿದುದು ಬ್ಯಾಡಗಿಯ ಒಂದು ಗ್ಯಾರೇಜಿನಲ್ಲಿ. ಕಾರಣ, ನನ್ನ ಹಳೆಯ ಅಂಬಾಸಿಡರ್ ಕಾರಿನ ಹಿಂಬದಿಯಿಂದ ಹೊರಟ ಒಂದು ಸಣ್ಣ ಸದ್ದು.

2023ರ ಜನವರಿಯಲ್ಲಿ ಹಾವೇರಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದುದು ನಿಮಗೆ ನೆನಪಿರಬಹುದು. ಗೆಳೆಯರನ್ನು ಕೂಡಿಸಿಕೊಂಡು ರಾಣೆಬೆನ್ನೂರಿನಿಂದ ಹೊರಟಿದ್ದೆ. ಹಿಂದಿನ ಆಸನದಲ್ಲಿದ್ದ ಮಿತ್ರರೊಬ್ಬರು, "ನಿಮ್ಮ ಕಾರು ತಂಬೂರಿ ಹಿಡಿದು ಕುಳಿತಂತಿದೆಯಲ್ಲ!" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಸದ್ದನ್ನು ಅದಕ್ಕೂ ಒಂದು ತಿಂಗಳ ಮೊದಲೇ ಕೇಳಿದ್ದೆನೆಂಬುದನ್ನು ಮಾತ್ರ ಹೇಳಲಿಲ್ಲ. ಕೇಳಿ, ಕಾರಿನ ರೇಡಿಯೋ ಸ್ವಲ್ಪ ಗಟ್ಟಿಯಾಗಿ ಹಾಕಿಕೊಂಡಿದ್ದೆ. ಬಾನುಲಿಗೆ ಇಂಥ ಉಪಯೋಗವೂ ಉಂಟು.

ಸದ್ದು ಬೆಳೆಯಿತು. ಮಾರ್ಚಿಯಲ್ಲಿ ಹತ್ತಿರದ ಗ್ಯಾರೇಜೊಂದರಲ್ಲಿ ತೋರಿಸಿದೆ. ಅಲ್ಲಿಯವರು ಎರಡು ನಿಮಿಷ ಆಲಿಸಿ, "ಕ್ರೌನ್ ಪಿನಿಯನ್ ಹೋಗಿದೆ, ಜೋಡಿಯನ್ನೇ ಬದಲಿಸಬೇಕು" ಎಂದು ತೀರ್ಪು ಕೊಟ್ಟರು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಗಿದೆ. ಬಿಡಿಭಾಗಗಳನ್ನು ಊರೂರು ಹುಡುಕಬೇಕು. ಅವರು ಹೇಳಿದ ಮೊತ್ತ ಕೇಳಿದ ನನ್ನ ಮಗ, "ಅಪ್ಪಾ, ಗುಜರಿಗೆ ಕೊಟ್ಟುಬಿಡೋಣ" ಎಂದ. ನನ್ನ ಹೆಂಡತಿ ಏನೂ ಹೇಳಲಿಲ್ಲ. ಇಬ್ಬರು ಮಕ್ಕಳನ್ನೂ ಹೆರಿಗೆಯ ನಂತರ ಅವಳು ಮನೆಗೆ ತಂದುದು ಅದೇ ಕಾರಿನಲ್ಲಿ.

ಮೆಣಸಿನಕಾಯಿ ವ್ಯಾಪಾರದ ಗೆಳೆಯರೊಬ್ಬರು ಬ್ಯಾಡಗಿಯ ಮಿಸ್ತ್ರಿಯೊಬ್ಬರ ಬಳಿಗೆ ಕಳಿಸಿದರು. ಸುಗ್ಗಿಯ ದಿನಗಳು, ಊರು ಹೊಕ್ಕೊಡನೆ ಘಾಟಿಗೆ ಸೀನು ಬಂದಿತು. ಲಾರಿಯ ಕೆಳಗಿನಿಂದ ಹೊರಬಂದ ಮಿಸ್ತ್ರಿಗೆ ನಾನು ಸದ್ದನ್ನು ವರ್ಣಿಸತೊಡಗಿದೆ: ತುಂಬಿಯ ಝೇಂಕಾರದಂತೆ, ದೂರದ ಹಿಟ್ಟಿನ ಗಿರಣಿಯಂತೆ, ಚಳಿಯಲ್ಲಿ ಕುಂಯ್‌ಗುಡುವ ನಾಯಿಮರಿಯಂತೆ. ಮೂರು ಉಪಮಾನಗಳಾದ ಮೇಲೆ ಅವರು ಕೈ ಒರೆಸಿಕೊಳ್ಳುತ್ತ, "ಸರ್, ಸಪ್ಪಳ ಹೆಂಗೈತಿ ಅಂತ ನಾ ಕೇಳಿಲ್ರಿ. ಯಾವಾಗ ಬರ್ತೈತಿ, ಅದನ್ನ ಹೇಳ್ರಿ" ಎಂದರು.

ಯಾವಾಗ? ನನಗೆ ತಿಳಿದಿರಲಿಲ್ಲ.

ಮೋಟೆಬೆನ್ನೂರಿನ ಬಳಿ ಹೆದ್ದಾರಿಗೆ ಹೋದೆವು. ನಾನು ಓಡಿಸಬೇಕು, ಅವರು ಹಿಂದಿನ ಆಸನದಲ್ಲಿ ಕಿವಿಗೊಟ್ಟು ಕೂಡಬೇಕು. ಮೊದಲು ಕಾರನ್ನು ನಿಲ್ಲಿಸಿಯೇ ಎಂಜಿನನ್ನು ಜೋರು ಮಾಡಿಸಿದರು, ಸದ್ದಿಲ್ಲ. ಎಂದಮೇಲೆ ಎಂಜಿನ್ ನಿರಪರಾಧಿ. ಅರವತ್ತರ ವೇಗದಲ್ಲಿ ಗೇರನ್ನು ನ್ಯೂಟ್ರಲಿಗೆ ತಂದು ಉರುಳಲು ಬಿಡಿಸಿದರು. ಸದ್ದು ಕುಗ್ಗಿತು, ಆದರೆ ಹೋಗಲಿಲ್ಲ. ಒಂದೇ ವೇಗದಲ್ಲಿ ಮೂರನೆಯ ಗೇರು, ನಾಲ್ಕನೆಯ ಗೇರು ಹಾಕಿಸಿದರು. ಸ್ವರ ಒಂದಿಷ್ಟೂ ಬದಲಾಗಲಿಲ್ಲ. ಅದು ಎಂಜಿನಿನ ಲಯಕ್ಕಲ್ಲ, ಗಾಲಿಯ ಲಯಕ್ಕೆ ಕಟ್ಟುಬಿದ್ದ ಸ್ವರ.

ಇದರ ಗಣಿತವನ್ನು ಮನೆಗೆ ಬಂದು ನಾನೇ ಮಾಡಿ ನೋಡಿದೆ. ಎಂಜಿನಿನಿಂದ ಹಿಂದಕ್ಕೆ ಬರುವ ಉದ್ದನೆಯ ದಂಡದ ತುದಿಯಲ್ಲಿರುವ ಚಿಕ್ಕ ಹಲ್ಲುಗಾಲಿ ಪಿನಿಯನ್. ಅದು ತಿರುಗಿಸುವ ದೊಡ್ಡ ಹಲ್ಲುಗಾಲಿ ಕ್ರೌನ್. ಗಾಲಿ ಒಂದು ಸುತ್ತಿಗೆ ಸುಮಾರು 2 ಮೀಟರ್ ಉರುಳುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಎಂಟು ಸುತ್ತು. ಕ್ರೌನಿಗೆ 40 ಹಲ್ಲುಗಳೆಂದು ಇಟ್ಟುಕೊಂಡರೆ ಸೆಕೆಂಡಿಗೆ 300ಕ್ಕೂ ಮಿಕ್ಕಿ ಹಲ್ಲುಗಳು ಒಂದನ್ನೊಂದು ಸಂಧಿಸುತ್ತವೆ. ಕಿವಿಗೆ ಅದು ಸ್ವರ. ವೇಗವನ್ನು ಅರ್ಧ ಮಾಡಿದರೆ ಅದೇ ಸ್ವರ ಕೆಳಗಿನ ಸ್ಥಾಯಿಗೆ ಇಳಿಯುತ್ತದೆ. ಧಾರವಾಡ ಸೀಮೆಯ ಸಂಗೀತ ಕೇಳಿ ಬೆಳೆದ ನಾನು ಇದನ್ನು ಗುರುತಿಸದೆ ಹೋದೆನೆಂಬುದು ನಾಚಿಕೆಯ ವಿಷಯ.

ಪರೀಕ್ಷೆ ಮುಗಿದಿರಲಿಲ್ಲ. ನುಣುಪಾದ ಡಾಂಬರಿನಲ್ಲೂ ಒರಟು ರಸ್ತೆಯಲ್ಲೂ ಓಡಿಸಿದರು. ಟಾಯರಿನ ಸದ್ದಾಗಿದ್ದರೆ ಬದಲಾಗುತ್ತಿತ್ತು. ಖಾಲಿ ದಾರಿಯಲ್ಲಿ ಎಡಕ್ಕೂ ಬಲಕ್ಕೂ ತುಸು ವಾಲಿಸಿದರು. ಭಾರ ಒಂದು ಬದಿಯಿಂದ ಇನ್ನೊಂದಕ್ಕೆ ಸರಿದಾಗ ಗಾಲಿಯ ಬೇರಿಂಗ್ ಕೆಟ್ಟಿದ್ದರೆ ಹೇಳಿಬಿಡುತ್ತದಂತೆ. ಅದೂ ಅಲ್ಲ. ಕೊನೆಗೆ ಗೇರಿನಲ್ಲಿದ್ದಂತೆಯೇ ಆಕ್ಸಿಲರೇಟರನ್ನು ಒತ್ತಿ, ಥಟ್ಟನೆ ಬಿಡಲು ಹೇಳಿದರು. ಬಿಟ್ಟೊಡನೆ ಕೊರಗು ಇಮ್ಮಡಿಯಾಯಿತು. "ಹಿಡಿತ ಹೋಗೈತ್ರಿ. ಪಿನಿಯನ್ ಬೇರಿಂಗ್ ನೋಡಬೇಕ್ರಿ" ಎಂದರು.

ಗ್ಯಾರೇಜಿಗೆ ಮರಳಿ, ಹಿಂದಿನ ಅಚ್ಚಿನ ಗೋಳದಲ್ಲಿರುವ ಎಣ್ಣೆಯ ಬಿರಡೆಯನ್ನು ಬಿಚ್ಚಿ, ಬೆರಳು ಇಳಿಸಿದರು. ಎಣ್ಣೆ ರಂಧ್ರದ ಅಂಚಿನವರೆಗೆ ಇರಬೇಕು. ಬೆರಳು ಒಣಗಿಯೇ ಹೊರಬಂದಿತು. ಪಿನಿಯನ್ನಿನ ಬಾಯಿಗಿರುವ ಆಯಿಲ್ ಸೀಲು ಹರಿದು, ಎಣ್ಣೆ ಹನಿಹನಿಯಾಗಿ ಸೋರಿಹೋಗಿತ್ತು. ಈ ಹಲ್ಲುಗಳು ಬರಿದೆ ಉರುಳುವುದಿಲ್ಲ, ಒಂದರ ಮೇಲೊಂದು ಉಜ್ಜಿಕೊಂಡೇ ಸರಿಯುತ್ತವೆ. ಅದಕ್ಕೇ ಒತ್ತಡ ತಡೆಯುವ ಗಟ್ಟಿ ಗೇರ್ ಎಣ್ಣೆ ಬೇಕು. ಬೇರಿಂಗ್ ಒಡೆದು ಪಿನಿಯನ್ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತೆಂದು ಕೇಳಿದೆ. "ಹಿಂದಿನ ಗಾಲಿ ಎರಡೂ ಕಟ್ಟಿಬಿಡ್ತಾವ್ರಿ" ಎಂದಷ್ಟೇ ಹೇಳಿ ಅವರು ಕೆಲಸಕ್ಕೆ ತೊಡಗಿದರು. ಸಮ್ಮೇಳನಕ್ಕೆ ಹೋದಾಗ ಹಿಂದೆ ಕುಳಿತಿದ್ದ ಮೂವರ ಮುಖಗಳೂ ನನ್ನ ಕಣ್ಣಮುಂದೆ ಬಂದವು.

ಅಂಗಳದಲ್ಲಿ ಕಾರಿನಡಿ ಎಣ್ಣೆ ತೊಟ್ಟಿಕ್ಕುತ್ತಿದ್ದುದು ನಮ್ಮ ಮನೆಯಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ನೆಲ ಕೆಡದಿರಲೆಂದು ಹೆಂಡತಿ ಒಂದು ಗೋಣಿತಟ್ಟು ಹಾಸಿದ್ದಳು. ಅದು ನೆನೆದರೆ ಇನ್ನೊಂದು ಹಾಸುತ್ತಿದ್ದಳು. ಹಳೆಯ ಕಾರಲ್ಲವೆ, ತೊಟ್ಟಿಕ್ಕುವುದು ಅದರ ಸ್ವಭಾವವೆಂದು ನಾನು ಪ್ರತಿದಿನ ಅದನ್ನು ದಾಟಿ ಹೋಗುತ್ತಿದ್ದೆ.

ಮಿಸ್ತ್ರಿ ಹಲ್ಲುಗಳಿಗೆ ಬಣ್ಣ ಸವರಿ ಕೈಯಿಂದ ತಿರುಗಿಸಿ, ಅಚ್ಚೊತ್ತಿದ ಗುರುತನ್ನು ತೋರಿಸಿದರು. ಗುರುತು ಹಲ್ಲಿನ ಅಂಚಿಗೆ ಸರಿಯದೆ ಹೆಚ್ಚುಕಡಿಮೆ ನಡುವಿನಲ್ಲೇ ಇತ್ತು. ಮೈಯಲ್ಲಿ ಕುಳಿ ಬಿದ್ದಿರಲಿಲ್ಲ. ಜೋಡಿಯನ್ನು ಬದಲಿಸುವ ಅಗತ್ಯವಿಲ್ಲ. ಎರಡು ಬೇರಿಂಗ್, ಒಂದು ಸೀಲು, ಹೊಸ ಎಣ್ಣೆ. ಮೊದಲು ಕೇಳಿದ ಮೊತ್ತದ ಐದರಲ್ಲೊಂದು ಪಾಲಿನಲ್ಲಿ ಮುಗಿಯಿತು. ಹಣ ಎಣಿಸಿಕೊಳ್ಳುತ್ತ ಅವರು ಹೇಳಿದರು: "ಸಪ್ಪಳ ಪೂರ್ತಿ ಹೋಗಂಗಿಲ್ರಿ ಸರ್. ಇಷ್ಟು ವರ್ಷ ಸವದು ಆ ಎರಡು ಒಂದಕ್ಕೊಂದು ಹೊಂದ್ಯಾವು. ಇದ್ದಷ್ಟ ಇದ್ರ ಬಿಡ್ರಿ, ಬೆಳದ್ರ ತಗೊಂಡು ಬರ್ರಿ."

ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುವುದೆಂತು? ಈಗ ದಿನಚರಿಯಲ್ಲಿ ಒಂದು ಪುಟವನ್ನೇ ಮೀಸಲಿಟ್ಟಿದ್ದೇನೆ: ದಿನಾಂಕ, ವೇಗ, ಒತ್ತಿದಾಗಲೋ ಬಿಟ್ಟಾಗಲೋ, ಏರಿನಲ್ಲೋ ಇಳಿಜಾರಿನಲ್ಲೋ. ಉಪಮಾನಗಳಿಗೆ ಅಲ್ಲಿ ಪ್ರವೇಶವಿಲ್ಲ. ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗುವಾಗ ಐವತ್ತೈದರ ಸುಮಾರಿಗೆ ಅದು ಸಣ್ಣಗೆ ಎದ್ದು, ಅರವತ್ತಕ್ಕೆ ಅಡಗುತ್ತದೆ. ಹೆಂಡತಿ ಹಿಂದಿನ ಆಸನದಲ್ಲಿ ಕುಳಿತು, "ಬಂತು ನೋಡ್ರಿ" ಎನ್ನುತ್ತಾಳೆ. ನಾನು ರೇಡಿಯೋ ಆರಿಸುತ್ತೇನೆ. ಅಂಗಳದ ಗೋಣಿತಟ್ಟನ್ನು ಅವಳು ತೆಗೆದಿಲ್ಲ. ಪ್ರತಿದಿನ ಬೆಳಿಗ್ಗೆ ನಾನೇ ಬಗ್ಗಿ ಮುಟ್ಟಿ ನೋಡುತ್ತೇನೆ. ಇದುವರೆಗೆ ಒಣಗಿಯೇ ಇದೆ.