ಆಡಿ ಏರಿದ ಲೆವೆಲ್, ಕೊಂಡು ಏರಿದ ಲೆವೆಲ್

(ಸಂಘದ ಯುವಕರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘದ ಹಿರಿಯರೇ, ತಾಯಂದಿರೇ, ಅಕ್ಕ-ತಂಗಿಯರೇ, ಮುಂದಿನ ಸಾಲಿನಲ್ಲಿ ಕೂತು ಈಗಲೂ ಮೊಬೈಲ್ ನೋಡ್ತಿರೋ ತಮ್ಮಂದಿರೇ,

ನಾನು ಭಾಷಣಕಾರ ಅಲ್ಲ. ಬೈನಾದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟುಕೊಂಡವನು. ಹುಡುಗರಿಗೆ ಗೇಮ್ ಬಗ್ಗೆ ನಾಲ್ಕು ಮಾತು ಹೇಳು ಅಂತ ಕರೆದಾಗಲೇ ಗೊತ್ತಾಯ್ತು, 'ಆಡಬ್ಯಾಡ್ರಿ' ಅಂತ ಬೈಯಲಿಕ್ಕೆ ಕರೆದಿದ್ದಾರೆ ಅಂತ. ಆದರೆ ಮಧ್ಯಾಹ್ನ ಗಿರಾಕಿ ಇಲ್ಲದಾಗ ನಾನೂ ಆಡ್ತೀನಿ. ಹಂಗಾಗಿ ಬೈಯೋ ಹಕ್ಕು ನನಗಿಲ್ಲ. ನನ್ನ ಅಂಗಡಿಯಲ್ಲೇ ನಡೆದದ್ದು ಹೇಳ್ತೀನಿ. ಅದರಲ್ಲಿ ನನ್ನ ತಪ್ಪೂ ಇದೆ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ. ಹೆಸರು ಬೇಡ. ಹತ್ತು-ಇಪ್ಪತ್ತರ ನೋಟು ಜೋಡಿಸಿಕೊಂಡು ಬಂದು ರಿಡೀಮ್ ಕೋಡ್ ಕೇಳ್ತಿದ್ದ. ಮೊದಮೊದಲು ನೂರು ರೂಪಾಯಿಯದು. ಆಮೇಲೆ ಮುನ್ನೂರು, ಒಮ್ಮೆ ಐನೂರು. ಎಲ್ಲಿಂದ ಬಂತಪ್ಪಾ ರೊಕ್ಕ ಅಂತ ನಾನು ಕೇಳಲಿಲ್ಲ. ಕೇಳಿದರೆ ವ್ಯಾಪಾರ ಹೋಗ್ತದಲ್ಲ! ಒಂದು ದಿನ ಸಂಜೆ ಅವನ ತಾಯಿ ಬಂದಳು. ನಾಲ್ಕು ಫ್ಲ್ಯಾಟಿನಲ್ಲಿ ಪಾತ್ರೆ-ನೆಲ ಮಾಡೋ ಹೆಣ್ಣುಮಗಳು. ಬಾಡಿಗೆಗೆ ಅಂತ ಡಬ್ಬಿಯಲ್ಲಿ ಇಟ್ಟಿದ್ದ ದುಡ್ಡಿನಲ್ಲಿ ಎರಡು ಸಾವಿರದ ಮುನ್ನೂರು ಕಡಿಮೆ. "ಅಣ್ಣಾ, ನನ್ನ ಮಗ ನಿನ್ನ ಹತ್ರ ಏನು ಕೊಂಡಾನ, ಅದನ್ನ ತಿರುಗಿ ತಗೋ, ರೊಕ್ಕ ಕೊಡು" ಅಂದಳು. ತಿರುಗಿ ತಗೊಳ್ಳೋಕೆ ಅಲ್ಲಿ ಏನಿದೆ? ಒಂದು ಬಂದೂಕಿನ ಚಿತ್ರ. ಕೋಡ್ ಒಮ್ಮೆ ಹಾಕಿಬಿಟ್ಟರೆ ಮುಗೀತು. ನನಗೆ ಸಿಕ್ಕ ಕಮಿಷನ್ನು ಅವತ್ತಿನ ಚಹಾಕ್ಕೂ ಸಾಲದಷ್ಟು.

ಹುಡುಗನನ್ನು ಕೂರಿಸಿ ಕೇಳಿದೆ, ಯಾಕೋ ತಮ್ಮಾ? ಅವನು ಹೇಳಿದ್ದು ನನಗೆ ನಾಟಿತು. "ಅಣ್ಣಾ, ನಾನು ಚಲೋ ಆಡ್ತೀನಿ. ಆದರ ಅವರ ಗನ್ನಿಗೆ ಡ್ಯಾಮೇಜ್ ಜಾಸ್ತಿ. ಎದುರಾಬದುರು ನಿಂತರ ನಾನೇ ಮೊದಲು ಸಾಯ್ತೀನಿ."

ಇಲ್ಲಿ ಹಿರಿಯರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಗೇಮಿನೊಳಗೆ ಮಾರೋ ಸಾಮಾನು ಎರಡು ಥರ. ಒಂದು ಬರೀ ವೇಷ. ಬಿಜಿಎಂಐನಲ್ಲಿ ಯುಸಿ ಕೊಟ್ಟು ಅಂಗಿ, ಬಂದೂಕಿನ ಬಣ್ಣ ತಗೋತಾರೆ. ನೋಡೋಕೆ ಚಂದ, ಗುಂಡಿನ ಪೆಟ್ಟು ಎಲ್ಲರದೂ ಅಷ್ಟೇ. ಇನ್ನೊಂದು, ಬಲ ಮಾರೋದು. ರೊಕ್ಕ ಕೊಟ್ಟವನ ಗನ್ನು ಜೋರಾಗಿ ಹೊಡೀತದೆ. ಇಲ್ಲಾ ಸಮಯ ಮಾರೋದು. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಒಂದು ಕಟ್ಟಡ ಮೇಲೇರಿಸಲು ದಿನಗಟ್ಟಲೆ ಕಾಯಬೇಕು, ಜೆಮ್ ಕೊಟ್ಟರೆ ಆ ಕ್ಷಣವೇ ಮುಗೀತದೆ. ನಮ್ಮ ಗಲ್ಲಿಯ ಕ್ಯಾರಮ್ ನೆನಪಿಸಿಕೊಳ್ಳಿ. ಒಬ್ಬ ಬಣ್ಣದ ಸ್ಟ್ರೈಕರ್ ತಂದರೆ ಯಾರೂ ಜಗಳ ಮಾಡೋದಿಲ್ಲ. ಐವತ್ತು ರೂಪಾಯಿ ಕೊಟ್ಟವನಿಗೆ ಒಂದು ಹೊಡೆತ ಹೆಚ್ಚು ಅಂದರೆ ಬೋರ್ಡೇ ಎತ್ತಿ ಒಗೀತೀವಿ.

ನಮ್ಮ ಹುಡುಗರಿಗೆ ಗೇಮ್ ಯಾಕೆ ಅಷ್ಟು ಹಿಡಿಸ್ತದೆ ಅಂತ ನಾನು ಯೋಚನೆ ಮಾಡಿದ್ದೀನಿ. ಅಲ್ಲಿ ಯಾರೂ ಅಡ್ಡಹೆಸರು ಕೇಳೋದಿಲ್ಲ. ಘಾಟಿ ಅನ್ನೋದಿಲ್ಲ, ಯಾವ ಊರು, ಯಾವ ಓಣಿ ಅನ್ನೋದಿಲ್ಲ. ತನ್ನ ಹೆಸರು ತಾನೇ ಇಟ್ಟುಕೊಳ್ತಾನೆ. ಚಲೋ ಆಡಿದರೆ ಮೇಲೆ ಹೋಗ್ತಾನೆ. ಅಂಥ ಜಾಗ ನಮಗೆ ಹೊರಗೆ ಎಷ್ಟು ಸಿಕ್ಕಿವೆ ಹೇಳ್ರಿ?

ಪಾಲ್ವಂಕರ್ ಬಾಲು ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್. ಪುಣೆಯಲ್ಲಿ ಆಡುವಾಗ ಚಹಾ ಬೇರೆ ಕಪ್ಪಿನಲ್ಲಿ, ಹೊರಗೆ. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ 114 ವಿಕೆಟ್ ತೆಗೆದ. ಹಿಂದೂ ತಂಡಕ್ಕೆ ಕ್ಯಾಪ್ಟನ್ ಮಾಡಿದರಾ? ಇಲ್ಲ. ಕೊನೆಗೆ ಅವನ ತಮ್ಮ ವಿಠ್ಠಲನಿಗೆ ಆ ಜಾಗ ಸಿಕ್ಕಿದ್ದು 1923ರಲ್ಲಿ. ಪಾಯಿಂಟ್ ಎಲ್ಲಾ ಗಳಿಸಿದರೂ ಲೆವೆಲ್ ಕೊಡದ ಆಟ ಅದು. ಮೊಬೈಲಿನಲ್ಲಿ ಬಂದೂಕು ಮಾರೋದೂ ಅದೂ ಒಂದೇ ಅಂತ ನಾನು ಹೇಳ್ತಿಲ್ಲ, ಅಷ್ಟು ದಡ್ಡ ಅಲ್ಲ. ಆದರೆ 'ನಾನು ಚಲೋ ಆಡ್ತೀನಿ, ಆದರ' ಅಂತ ಆ ಹುಡುಗ ಅಂದಾಗ, ಆ 'ಆದರ' ಎಲ್ಲೋ ಕೇಳಿದಂಗಿತ್ತು.

ಇದಕ್ಕೆ ಸಾಹುಕಾರರ ಮಕ್ಕಳೂ ಸಿಟ್ಟಾಗಿದ್ದಾರೆ. 2017ರಲ್ಲಿ ಅಮೆರಿಕದ ಇಎ ಕಂಪನಿಯ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಅನ್ನೋ ಗೇಮ್ ಬಂತು. ಪೂರ್ತಿ ಬೆಲೆ ಕೊಟ್ಟು ಕೊಂಡ ಗೇಮಿನಲ್ಲಿ ಡಾರ್ತ್ ವೇಡರ್ ಪಾತ್ರ ಸಿಗಬೇಕಾದರೆ 60,000 ಕ್ರೆಡಿಟ್. ನಲವತ್ತು ತಾಸು ಆಡಬೇಕಾಗ್ತದೆ ಅಂತ ಆಟಗಾರರು ಲೆಕ್ಕ ತೆಗೆದರು, ಗಲಾಟೆ ಎಬ್ಬಿಸಿದರು. ಕಂಪನಿ ಅದನ್ನು 15,000ಕ್ಕೆ ಇಳಿಸಿತು. ಬಿಡುಗಡೆಯ ಹಿಂದಿನ ದಿನ ಗೇಮಿನೊಳಗಿನ ಮಾರಾಟವನ್ನೇ ನಿಲ್ಲಿಸಿತು, ಸ್ವಲ್ಪ ಕಾಲವಾದರೂ.

ಇನ್ನು ಸ್ಪಿನ್. ಪಣಜಿಗೆ ಹೋದಾಗ ಮಾಂಡೋವಿಯಲ್ಲಿ ದೀಪ ಹಾಕಿಕೊಂಡು ನಿಂತ ಕ್ಯಾಸಿನೋ ಹಡಗು ನೋಡೇ ಇದ್ದೀರಿ. 21 ವರ್ಷ ಆಗದವರಿಗೆ ಒಳಗೆ ಬಿಡೋದಿಲ್ಲ. 2020ರ ಫೆಬ್ರವರಿ 1ರಿಂದ ಗೋವಾದವರಿಗೂ ಆಡಲು ಪ್ರವೇಶ ಇಲ್ಲ ಅಂತ ಸರ್ಕಾರ ಮಾಡಿತು. ಅದೇ ಚಕ್ರ ಹದಿನಾಲ್ಕು ವರ್ಷದ ಹುಡುಗನ ಕೈಯಲ್ಲಿ ತಿರುಗ್ತಿದೆ. ನಮ್ಮ ಹುಡುಗ ಆ ಬಂದೂಕನ್ನು ನೇರವಾಗಿ ಕೊಂಡಿರಲಿಲ್ಲ. ಚಕ್ರ ತಿರುಗಿಸಿದ, ಅಂಗಿ ಬಂತು. ಮತ್ತೆ ತಿರುಗಿಸಿದ, ಚೀಲ ಬಂತು. ಹತ್ತಾರು ಸಲ ಆದಮೇಲೆ ಬಂದೂಕು. ಬೆಲ್ಜಿಯಂ 2018ರಲ್ಲಿ ಇಂಥ ಪೆಟ್ಟಿಗೆ ಆಟವನ್ನು ಜೂಜು ಅಂದಿತು. ಚೀನಾದಲ್ಲಿ 2017ರಿಂದ ಯಾವ ಸಾಮಾನು ಬರೋ ಸಂಭವ ಎಷ್ಟು ಅಂತ ಕಂಪನಿ ಬರೆದು ತೋರಿಸಲೇಬೇಕು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ರೊಕ್ಕ ಕಟ್ಟಿ ರೊಕ್ಕ ಗೆಲ್ಲೋ ಆಟಕ್ಕೆ ಬಂದದ್ದು. ಇಲ್ಲಿ ಗೆಲ್ಲೋದು ರೊಕ್ಕ ಅಲ್ಲ, ಚಿತ್ರ. ಕೋಡ್ ಮಾರಾಟ ನಡೆದೇ ಇದೆ, ನನ್ನ ಅಂಗಡಿಯಲ್ಲೂ.

ತಾಯಂದಿರಿಗೆ ಮಾತ್ರ ಒಂದೆರಡು ಕೆಲಸದ ಮಾತು. ಗೇಮಿನಲ್ಲಿ ರೂಪಾಯಿ ಅಂತ ಬರೆಯೋದಿಲ್ಲ, ಡೈಮಂಡ್ ಅಂತಾರೆ. ಮಗನ ಹತ್ರ ಕೂತು ಅದನ್ನ ರೂಪಾಯಿಗೆ ಲೆಕ್ಕ ಮಾಡಿಸಿ. ಅರ್ಧಕ್ಕೇ ಅವನ ಮುಖ ಇಳೀತದೆ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಬಹುದು, ನನ್ನ ಹತ್ರ ಬಂದರೆ ಪುಕ್ಕಟೆ ಮಾಡಿಕೊಡ್ತೀನಿ. ಫೋನಿನಿಂದಲೇ ನೇರವಾಗಿ ಕೊಂಡಿದ್ದರೆ 48 ಗಂಟೆಯೊಳಗೆ ಗೂಗಲ್‌ಗೆ ವಾಪಸ್ ಕೇಳಿ, ಕೊಟ್ಟರೂ ಕೊಡಬಹುದು. 'ಇನ್ನು ಹತ್ತೇ ನಿಮಿಷ' ಅಂತ ಸುಳ್ಳು ಅವಸರ ಮಾಡಿ ಮಾರೋದು ತಪ್ಪು ಅಂತ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲೇ ನಿಯಮ ತಂದಿದೆ. ದೂರು ಕೊಡಲು ಗ್ರಾಹಕ ಸಹಾಯವಾಣಿ 1915.

ನಾನು ಈಗ ಹದಿನೆಂಟು ಆಗದವರಿಗೆ ಮನೆಯವರು ಬರದೆ ಕೋಡ್ ಕೊಡೋದಿಲ್ಲ. ಎದುರಿನ ಅಂಗಡಿಯಲ್ಲಿ ಕೊಡ್ತಾರೆ, ಅದೂ ಗೊತ್ತು.

ಈ ಸಲ ವಾರ್ಷಿಕೋತ್ಸವಕ್ಕೆ ಕ್ರಿಕೆಟ್ ಜೊತೆ ಮೊಬೈಲ್ ಗೇಮ್ ಟೂರ್ನಮೆಂಟೂ ಬೇಕು ಅಂತ ಹುಡುಗರು ಕೇಳಿದ್ದಾರೆ. ಇಡೋಣ. ಆದರೆ ಕಸ್ಟಮ್ ರೂಮ್ ಮಾಡಿ, ಕೊಂಡ ಗನ್ನಿನ ಹೆಚ್ಚಿನ ಬಲ ಬಂದ್ ಮಾಡೋ ಸೆಟ್ಟಿಂಗ್ ಹಾಕಿಯೇ ಆಡಿಸೋಣ. ಬಣ್ಣ ಇರಲಿ, ಪೆಟ್ಟು ಒಂದೇ ಇರಲಿ. ಇದನ್ನ ಮೊನ್ನೆ ಆ ಹುಡುಗನಿಗೂ ಹೇಳಿದೆ. ಸುಮ್ಮನೆ ನಿಂತ. "ಹಂಗಾದ್ರ ನಾ ತಗೊಂಡ ಗನ್ ಯಾಕ ಬೇಕಿತ್ತಣ್ಣಾ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಹೋಗೋವಾಗ ಹೆಸರು ಬರೆಸಿ ಹೋದ. ಪಟ್ಟಿಯಲ್ಲಿ ಮೊದಲನೇ ಹೆಸರು ಅವನದೇ.

ಜೈ ಭೀಮ್.